ಮಹಡಿಗೆ ಏರುವ ಮೆಟ್ಟಿಲು, ನೆಲಮಾಳಿಗೆಗೆ ಇಳಿಯುವ ಮೆಟ್ಟಿಲು

ಚಲನಚಿತ್ರದಲ್ಲಿ ಪಾತ್ರಗಳು ಆಡುವ ಮಾತಿಗಿಂತ ಅವರು ವಾಸಿಸುವ ಮನೆಯೇ ಕೆಲವೊಮ್ಮೆ ಹೆಚ್ಚಿನದನ್ನು ಹೇಳಿಬಿಡುತ್ತದೆ. 1934ರಲ್ಲಿ ಹಾಲಿವುಡ್ಡಿನ ಯೂನಿವರ್ಸಲ್ ಸಂಸ್ಥೆ ತೆರೆಗೆ ತಂದ ‘ಇಮಿಟೇಷನ್ ಆಫ್ ಲೈಫ್’ ಎಂಬ ಚಿತ್ರದಲ್ಲಿ ಅಂಥದೊಂದು ದೃಶ್ಯವಿದೆ. ನ್ಯೂಯಾರ್ಕಿನ ಭವ್ಯವಾದ ಮನೆ. ದಿನವೆಲ್ಲ ಜೊತೆಯಲ್ಲಿ ದುಡಿದು, ಮಕ್ಕಳ ಕಷ್ಟಸುಖಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡು, ಇಬ್ಬರು ಸ್ತ್ರೀಯರು ರಾತ್ರಿ ಮಲಗಲು ಹೊರಡುತ್ತಾರೆ. ಬಿಳಿಯ ಹೆಂಗಸು ಮೆಟ್ಟಿಲೇರಿ ಮಹಡಿಗೆ ಹೋಗುತ್ತಾಳೆ; ಕಪ್ಪು ಹೆಂಗಸು ಅದೇ ಜಾಗದಿಂದ ಮೆಟ್ಟಿಲಿಳಿದು ಕೆಳಗಿನ ಕೋಣೆಗೆ ಹೋಗುತ್ತಾಳೆ. ಇಬ್ಬರ ಮುಖದಲ್ಲಿಯೂ ಅಸಮಾಧಾನವಿಲ್ಲ. ಹಾಗೆ ಹೋಗುವುದು ಸೂರ್ಯ ಮೂಡುವಷ್ಟೇ ಸಹಜವೆಂಬಂತೆ ಇಬ್ಬರೂ ನಡೆದುಕೊಳ್ಳುತ್ತಾರೆ. ಆ ಸಹಜತೆಯೇ ನೋಡುವವರ ಎದೆಯನ್ನು ಚುಚ್ಚುತ್ತದೆ.

ಬಡತನ, ಸಿರಿತನ, ಪ್ರೇಮ, ತ್ಯಾಗ ಇವುಗಳನ್ನು ಹೆಣೆದು ಕಣ್ಣೀರು ತರಿಸುವ ಚಿತ್ರಗಳು ಹಾಲಿವುಡ್ಡಿಗೆ ಹೊಸವಲ್ಲ. ಈ ಚಿತ್ರದ ನಾಯಕಿ ಕ್ಲಾಡೆಟ್ ಕೋಲ್ಬರ್ಟ್ ಅದೇ 1934ರಲ್ಲಿ ತೆರೆಕಂಡ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಎಂಬ ಚಿತ್ರದಲ್ಲಿ, ಸಾಮಾನ್ಯ ವರದಿಗಾರನೊಬ್ಬನಿಗೆ ಮನಸೋಲುವ ಕೋಟ್ಯಧೀಶನ ಮಗಳಾಗಿ ನಟಿಸಿ ಶ್ರೇಷ್ಠ ನಟಿಯ ಆಸ್ಕರ್ ಪಡೆದಳು. ಬಡವ ಬಲ್ಲಿದರ ನಡುವಣ ಗೋಡೆಯನ್ನು ಪ್ರೇಮ ಕೆಡವಬಲ್ಲದೆಂದು ಆ ಚಿತ್ರ ಸಾರಿತು. ಆದರೆ ಬಣ್ಣದ ಗೋಡೆಯ ಮಾತೇನು? ಈ ಪ್ರಶ್ನೆಯನ್ನು ಕೇಳುವ ಧೈರ್ಯ ಆ ಕಾಲದ ಹಾಲಿವುಡ್ಡಿನಲ್ಲಿ ಬಹಳ ಅಪರೂಪ. ಕೇಳಿದ ಕೆಲವೇ ಚಿತ್ರಗಳಲ್ಲಿ ‘ಇಮಿಟೇಷನ್ ಆಫ್ ಲೈಫ್’ ಒಂದು. ಅದು ಎರಡು ಬಾರಿ ಚಿತ್ರವಾಯಿತು: ಮೊದಲು 1934ರಲ್ಲಿ, ಬಳಿಕ 1959ರಲ್ಲಿ. ಈ ಇಪ್ಪತ್ತೈದು ವರ್ಷಗಳ ಅಂತರದಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬುದನ್ನು ಪರಿಶೀಲಿಸುವುದು ಈ ತಿಂಗಳ ನಮ್ಮ ಉದ್ದೇಶ.

ದೋಸೆಯ ಗುಟ್ಟು ಯಾರದು, ಲಾಭ ಯಾರದು?

ಮೂಲ ಕಥೆ ಫ್ಯಾನಿ ಹರ್ಸ್ಟ್ ಎಂಬ ಲೇಖಕಿಯದು. ಕಾದಂಬರಿ ಪ್ರಕಟವಾದುದು 1933ರಲ್ಲಿ. ಮರುವರ್ಷವೇ ಜಾನ್ ಸ್ಟಾಲ್ ಅದನ್ನು ಚಿತ್ರವಾಗಿ ನಿರ್ದೇಶಿಸಿದ. ಬೀ ಪುಲ್‌ಮನ್ ಎಂಬ ಬಿಳಿಯ ವಿಧವೆ, ಎಳೆಯ ಮಗಳನ್ನು ಸಾಕಲು ಮನೆಮನೆಗೆ ತಿರುಗಿ ಮೇಪಲ್ ಮರದ ಸಿಹಿಪಾಕ ಮಾರುತ್ತಿರುತ್ತಾಳೆ. ಕೆಲಸ ಹುಡುಕುತ್ತ ವಿಳಾಸ ತಪ್ಪಿ ಅವಳ ಬಾಗಿಲಿಗೆ ಬಂದವಳು ಡಿಲೈಲಾ ಎಂಬ ಕಪ್ಪು ಹೆಂಗಸು. ಅವಳಿಗೂ ಒಬ್ಬಳು ಎಳೆಯ ಮಗಳು, ಪಿಯೋಲಾ. ಸಂಬಳ ಬೇಡ, ತನಗೂ ಮಗಳಿಗೂ ಅನ್ನ ವಸತಿ ದೊರೆತರೆ ಸಾಕೆಂದು ಡಿಲೈಲಾ ಅಲ್ಲಿಯೇ ನಿಲ್ಲುತ್ತಾಳೆ. ಅವಳ ಕೈಯಲ್ಲಿ ಒಂದು ಕಲೆ ಇದೆ: ಮನೆತನದಿಂದ ಬಂದ ಪ್ಯಾನ್‌ಕೇಕಿನ ಗುಟ್ಟು. ನಮ್ಮ ಸಿಹಿದೋಸೆಗೆ ದೂರದ ನಂಟೆನ್ನಬಹುದಾದ ಈ ತಿಂಡಿಯಿಂದಲೇ ಬೀ ಅಂಗಡಿ ತೆರೆಯುತ್ತಾಳೆ, ಹಿಟ್ಟನ್ನು ಡಬ್ಬಿಯಲ್ಲಿ ತುಂಬಿ ದೇಶವೆಲ್ಲ ಮಾರುತ್ತಾಳೆ, ಶ್ರೀಮಂತಳಾಗುತ್ತಾಳೆ. ಡಬ್ಬಿಯ ಮೇಲೆ ಡಿಲೈಲಾಳ ನಗುಮುಖದ ಚಿತ್ರ. ನಗರದ ಮುಗಿಲಿನಲ್ಲಿ ಮಿನುಗುವ ವಿದ್ಯುದ್ದೀಪದ ಫಲಕದಲ್ಲಿಯೂ ಅದೇ ಮುಖ.

ಕಂಪನಿ ಕಟ್ಟುವಾಗ ಬೀ ಅವಳಿಗೆ ನೂರಕ್ಕೆ ಇಪ್ಪತ್ತರ ಪಾಲು ನೀಡುವುದಾಗಿ ಹೇಳುತ್ತಾಳೆ. ಇನ್ನು ನಿನಗೆ ಸ್ವಂತ ಮನೆ, ಕಾರು ಎಲ್ಲ ಬರುವುದೆನ್ನುತ್ತಾಳೆ. ಡಿಲೈಲಾ ಹೆದರುತ್ತಾಳೆ: ತನ್ನನ್ನು ಹೊರಗೆ ಕಳುಹಿಸಬಾರದು, ತಾನಿಲ್ಲದೆ ಅಮ್ಮಾವರನ್ನು ನೋಡಿಕೊಳ್ಳುವವರು ಯಾರು ಎಂದು ಬೇಡಿಕೊಳ್ಳುತ್ತಾಳೆ. ಓದುಗರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಗುಟ್ಟು ಅವಳದು, ಕೈ ಅವಳದು, ಮುಖ ಅವಳದು. ಪಾಲು ಮಾತ್ರ ಐದರಲ್ಲಿ ಒಂದು. ಆ ಒಂದನ್ನೂ ಅವಳು ಬೇಡವೆನ್ನುವಂತೆ ಕಥೆಯನ್ನು ಬರೆದವರು ಯಾರು? ಸುಲಿಗೆಗೆ ಒಳಗಾದವಳ ಬಾಯಿಂದಲೇ ಸುಲಿಗೆಗೆ ಒಪ್ಪಿಗೆಯನ್ನು ಹೇಳಿಸಿದರೆ ನೋಡುವವರ ಮನಸ್ಸು ನಿರಾಳವಾಗುತ್ತದೆ. ನಿಷ್ಠಾವಂತ ಸೇವಕಿಯ ಈ ಚಿತ್ರ ಹಾಲಿವುಡ್ಡಿಗೆ ಅಚ್ಚುಮೆಚ್ಚಾದುದಕ್ಕೆ ಅದೇ ಕಾರಣ.

ಇದು ಕೇವಲ ಕಲ್ಪನೆಯೂ ಆಗಿರಲಿಲ್ಲ. ಅಮೆರಿಕದಲ್ಲಿ 1889ರಲ್ಲಿ ಆರಂಭವಾದ ‘ಆಂಟ್ ಜೆಮೈಮಾ’ ಎಂಬ ಪ್ಯಾನ್‌ಕೇಕ್ ಹಿಟ್ಟಿನ ಡಬ್ಬಿಯ ಮೇಲೆ ಇಂಥದೇ ನಗುಮುಖವಿತ್ತು. ಗುಲಾಮಳಾಗಿ ಹುಟ್ಟಿದ ನ್ಯಾನ್ಸಿ ಗ್ರೀನ್ ಎಂಬಾಕೆ 1893ರ ಷಿಕಾಗೋ ಮಹಾಪ್ರದರ್ಶನದಲ್ಲಿ ಆ ವೇಷ ಧರಿಸಿ ಜನರೆದುರು ತಿಂಡಿ ಬೇಯಿಸಿದಳು. ಆ ಹೆಸರನ್ನು ಕೈಬಿಡುವುದಾಗಿ ಒಡೆಯರು ಘೋಷಿಸಿದುದು 2020ರಲ್ಲಿ; ಹೊಸ ಹೆಸರು ಬಂದುದು 2021ರಲ್ಲಿ. ಒಂದು ಡಬ್ಬಿಯ ಮೇಲಿನ ಚಿತ್ರ ಬದಲಾಗಲು ನೂರಮೂವತ್ತು ವರ್ಷಗಳು ಬೇಕಾದುವು.

ಪಿಯೋಲಾಳ ಪ್ರಶ್ನೆ

ಈ ಕಥೆಯ ಮುಳ್ಳು ಇರುವುದು ತಾಯಿಯಲ್ಲಲ್ಲ, ಮಗಳಲ್ಲಿ. ಪಿಯೋಲಾ ಕಪ್ಪು ತಾಯಿಯ ಮಗಳು. ಆದರೆ ಮೈಬಣ್ಣ ಬಿಳುಪು. ಕಂಡವರೆಲ್ಲ ಅವಳನ್ನು ಬಿಳಿಯಳೆಂದೇ ತಿಳಿಯುತ್ತಾರೆ. ಶಾಲೆಯಲ್ಲಿಯೂ ಹಾಗೆಯೇ ನಡೆದಿದೆ. ಒಂದು ದಿನ ಮಳೆ ಬರುತ್ತದೆ. ಮಗಳು ನೆನೆದಾಳೆಂದು ತಾಯಿ ಮಳೆಯಂಗಿ ಹಿಡಿದು ತರಗತಿಯ ಬಾಗಿಲಿಗೆ ಬರುತ್ತಾಳೆ. ಈ ತರಗತಿಯಲ್ಲಿ ಕಪ್ಪು ಮಕ್ಕಳು ಯಾರೂ ಇಲ್ಲವಲ್ಲ ಎನ್ನುತ್ತಾಳೆ ಉಪಾಧ್ಯಾಯಿನಿ. ಪುಸ್ತಕದ ಹಿಂದೆ ಮುಖ ಮರೆಸಿ ಕುಳಿತ ಮಗಳನ್ನು ತಾಯಿ ಗುರುತಿಸಿ ಕರೆಯುತ್ತಾಳೆ. ಮಳೆಯಿಂದ ರಕ್ಷಿಸಲು ಬಂದ ತಾಯಿಯ ಪ್ರೀತಿಯೇ ಮಗಳ ಬಾಳಿನ ಮೇಲೆ ಸಿಡಿಲಾಗಿ ಎರಗುತ್ತದೆ.

ಅಮೆರಿಕದ ಹಲವು ರಾಜ್ಯಗಳಲ್ಲಿ ಆಗ ಕಪ್ಪು ಪೂರ್ವಜರ ಒಂದು ಹನಿ ರಕ್ತವಿದ್ದರೂ ಆ ವ್ಯಕ್ತಿ ಕಪ್ಪು ಜನಾಂಗಕ್ಕೆ ಸೇರಿದವನೆಂಬ ಕಟ್ಟಳೆಯಿತ್ತು. ವರ್ಜೀನಿಯಾ ರಾಜ್ಯ 1924ರಲ್ಲಿ ಇದನ್ನು ಬಿಗಿಯಾದ ಕಾನೂನನ್ನಾಗಿಯೇ ಮಾಡಿತು. ಆದುದರಿಂದ ಬಣ್ಣ ತಿಳಿಯಾಗಿದ್ದ ಕೆಲವರು ತಮ್ಮ ಹುಟ್ಟನ್ನು ಮರೆಮಾಚಿ, ಬಂಧುಬಳಗವನ್ನು ತೊರೆದು, ಬಿಳಿಯರ ನಡುವೆ ಬಿಳಿಯರಾಗಿ ಬಾಳಿದರು. ಅವರಿಗೆ ದೊರೆತುದು ಒಳ್ಳೆಯ ಉದ್ಯೋಗ, ಒಳ್ಳೆಯ ಬಡಾವಣೆಯಲ್ಲಿ ಮನೆ, ಮುಂದಿನ ಸಾಲಿನ ಆಸನ. ಅವರು ತೆತ್ತ ಬೆಲೆ ತಾಯಿಯ ಮಡಿಲು.

ಪಿಯೋಲಾಳ ಬಣ್ಣ ಬಿಳುಪಾದುದು ಹೇಗೆ? ಚಿತ್ರ ಇದಕ್ಕೆ ನೇರವಾದ ಉತ್ತರ ಕೊಡದು; ಅವಳ ತಂದೆಯೂ ತಿಳಿಬಣ್ಣದವನೆಂದು ಒಂದು ಮಾತು ಹೇಳಿ ಮುಂದೆ ಸಾಗುತ್ತದೆ. ಅದಕ್ಕೆ ಕಾರಣವಿದೆ. 1930ರಲ್ಲಿ ರಚಿತವಾಗಿ, 1934ರ ಜುಲೈಯಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದ ಹಾಲಿವುಡ್ಡಿನ ನೀತಿಸಂಹಿತೆ ಬಿಳಿಯರ ಮತ್ತು ಕಪ್ಪು ಜನರ ನಡುವಣ ದೇಹಸಂಬಂಧವನ್ನು ತೆರೆಯ ಮೇಲೆ ತರುವುದನ್ನೇ ನಿಷೇಧಿಸಿತ್ತು. ಸಂಹಿತೆಯ ಆಡಳಿತ ನೋಡಿಕೊಳ್ಳುತ್ತಿದ್ದ ಜೋಸೆಫ್ ಬ್ರೀನನ ಕಚೇರಿ ಈ ಕಥೆಗೇ ಆಕ್ಷೇಪವೆತ್ತಿತು. ಪಿಯೋಲಾಳ ಮೈಬಣ್ಣವೇ ಅವರಿಗೆ ಅಪಾಯದ ಸೂಚನೆಯಾಗಿ ಕಂಡಿತು. ಗುಲಾಮಗಿರಿಯ ಕಾಲದಲ್ಲಿ ಒಡೆಯರು ದಾಸಿಯರ ಮೇಲೆ ನಡೆಸಿದ ಬಲಾತ್ಕಾರದ ಶತಮಾನಗಳ ಇತಿಹಾಸ ಆ ಒಂದು ಮುಖದಲ್ಲಿ ಬರೆದಿತ್ತು. ಮುಖವನ್ನು ತೋರಿಸಬಹುದು, ಇತಿಹಾಸವನ್ನು ಹೇಳಬಾರದು: ಇದು ಅಂದಿನ ಸಂಹಿತೆಯ ನೀತಿ. ಹೀಗಾಗಿ ಸಮಾಜದ ಪಾಪ ಮಗಳೊಬ್ಬಳ ಕೃತಘ್ನತೆಯಾಗಿ ತೆರೆಯ ಮೇಲೆ ಮೂಡಿತು.

ಪಾತ್ರಧಾರಿಣಿಯ ಸತ್ವ

ಇಷ್ಟಾದರೂ 1934ರ ಚಿತ್ರ ಒಂದು ದೊಡ್ಡ ಕೆಲಸವನ್ನು ಮಾಡಿತು. ಪಿಯೋಲಾಳ ಪಾತ್ರವನ್ನು ಕಪ್ಪು ಜನಾಂಗದ ನಟಿಯೇ ವಹಿಸಿದಳು. ಆಕೆ ಫ್ರೆಡಿ ವಾಷಿಂಗ್ಟನ್. ಜನನ 1903ರಲ್ಲಿ, ಜಾರ್ಜಿಯಾ ರಾಜ್ಯದ ಸವಾನ್ನಾದಲ್ಲಿ. ಆಕೆಯ ಬಣ್ಣ ಎಷ್ಟು ತಿಳಿಯಾಗಿತ್ತೆಂದರೆ, 1933ರ ‘ದಿ ಎಂಪರರ್ ಜೋನ್ಸ್’ ಚಿತ್ರದಲ್ಲಿ ಪಾಲ್ ರೋಬ್ಸನ್ನನ ಜೊತೆ ನಟಿಸುವಾಗ ಅವಳ ಮುಖಕ್ಕೆ ಕಪ್ಪು ಬಳಿಯಬೇಕಾಯಿತು. ಇಲ್ಲವಾದರೆ ಕಪ್ಪು ನಾಯಕ ಬಿಳಿಯ ಹೆಣ್ಣನ್ನು ಅಪ್ಪಿಕೊಂಡನೆಂದು ಪ್ರೇಕ್ಷಕರು ರೊಚ್ಚಿಗೇಳುವರೆಂಬ ಭಯ! ಬಿಳಿಯಳೆಂದು ಹೇಳಿಕೊಂಡಿದ್ದರೆ ಅವಳಿಗೆ ನಾಯಕಿಯ ಪಾತ್ರಗಳು ದೊರೆಯಬಹುದಿತ್ತು. ತೆರೆಯ ಮೇಲೆ ತಾಯಿಯನ್ನು ನಿರಾಕರಿಸಿದ ಆ ಹೆಣ್ಣು ಬಾಳಿನಲ್ಲಿ ಮಾತ್ರ ತನ್ನ ಜನರನ್ನು ಒಂದು ದಿನವೂ ನಿರಾಕರಿಸಲಿಲ್ಲ. 1937ರಲ್ಲಿ ಕಪ್ಪು ಕಲಾವಿದರ ಸಂಘವನ್ನು ಸ್ಥಾಪಿಸಿದವರಲ್ಲಿ ಆಕೆಯೂ ಒಬ್ಬಳು. ಮುಂದೆ ಹಾರ್ಲೆಮ್ಮಿನ ಪತ್ರಿಕೆಯೊಂದರಲ್ಲಿ ರಂಗಭೂಮಿಯ ವಿಷಯವಾಗಿ ಬರೆಯುತ್ತಿದ್ದಳು. ಚಿತ್ರರಂಗ ಅವಳಿಗೆ ಹೆಚ್ಚಿನ ಅವಕಾಶ ಕೊಡಲಿಲ್ಲ. ಸೇವಕಿಯ ಪಾತ್ರಕ್ಕೆ ಅವಳ ಬಣ್ಣ ಹೆಚ್ಚು ಬಿಳುಪು. ನಾಯಕಿಯ ಪಾತ್ರಕ್ಕೆ ಅವಳ ಹುಟ್ಟು ಹೆಚ್ಚು ಕಪ್ಪು.

ಡಿಲೈಲಾಳಾಗಿ ನಟಿಸಿದ ಲೂಯಿ ಬೀವರ್ಸಳ ಕಥೆ ಬೇರೆ ಬಗೆಯದು. ಆ ಚಿತ್ರದ ಅರ್ಧ ಭಾರವನ್ನು ಹೊತ್ತವಳು ಅವಳೇ. ಚಿತ್ರ ಶ್ರೇಷ್ಠ ಚಿತ್ರದ ಆಸ್ಕರಿಗೆ ನಾಮಕರಣಗೊಂಡಿತು; ಬೀವರ್ಸಳ ಹೆಸರು ಎಲ್ಲಿಯೂ ಬರಲಿಲ್ಲ. ಪೋಷಕ ಪಾತ್ರಗಳಿಗೆ ಪ್ರಶಸ್ತಿ ಕೊಡುವ ಪದ್ಧತಿ ಆಗಿನ್ನೂ ಇರಲಿಲ್ಲ. ಅದು 1936ರ ಚಿತ್ರಗಳಿಂದ ಆರಂಭವಾಯಿತು. ಮುಂದೆಯೂ ಆಕೆಗೆ ಹೆಚ್ಚಾಗಿ ದೊರೆತುವು ಅಡಿಗೆಮನೆಯ ಪಾತ್ರಗಳೇ. 1939ರ ‘ಗಾನ್ ವಿತ್ ದ ವಿಂಡ್’ ಚಿತ್ರದ ಸೇವಕಿಯ ಪಾತ್ರಕ್ಕಾಗಿ ಹ್ಯಾಟಿ ಮೆಕ್‌ಡೇನಿಯಲ್ ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆಯಾದಳು. 1940ರ ಆ ಸಮಾರಂಭದಲ್ಲಿ ಕೂಡ ಅವಳು ತನ್ನ ಚಿತ್ರದ ಇತರ ಕಲಾವಿದರಿಂದ ದೂರವಾಗಿ ಬೇರೆ ಮೇಜಿನಲ್ಲಿ ಕುಳಿತುಕೊಳ್ಳಬೇಕಾಯಿತು.

ಕಪ್ಪು ಜನಾಂಗದ ವಿದ್ವಾಂಸರು ಚಿತ್ರವನ್ನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಕವಿ, ವಿಮರ್ಶಕ ಸ್ಟರ್ಲಿಂಗ್ ಬ್ರೌನ್ 1935ರಲ್ಲಿ ‘ಆಪರ್ಚುನಿಟಿ’ ಎಂಬ ಪತ್ರಿಕೆಯಲ್ಲಿ ತೀಕ್ಷ್ಣವಾಗಿ ಬರೆದು, ತೃಪ್ತಳಾದ ಸೇವಕಿ ಮತ್ತು ದುರದೃಷ್ಟದ ಮಿಶ್ರವರ್ಣೀಯ ಹುಡುಗಿ ಎಂಬ ಹಳೆಯ ಅಚ್ಚುಗಳನ್ನೇ ಇಲ್ಲಿ ಮತ್ತೆ ಎರಕ ಹೊಯ್ದಿದ್ದಾರೆಂದು ವಾದಿಸಿದ. ಲೇಖಕಿ ಹರ್ಸ್ಟ್ ಅದಕ್ಕೆ ಉತ್ತರವಿತ್ತಳು. ಆ ವಾದ ಇಂದಿಗೂ ಮುಗಿದಿಲ್ಲ. ಟೋನಿ ಮಾರಿಸನ್ ತನ್ನ ಮೊದಲ ಕಾದಂಬರಿಯನ್ನು 1970ರಲ್ಲಿ ಪ್ರಕಟಿಸಿದಾಗ, ನೀಲಿ ಕಣ್ಣುಗಳಿಗಾಗಿ ಹಂಬಲಿಸುವ ಕಪ್ಪು ಬಾಲಕಿಗೆ ಪಿಕೋಲಾ ಎಂಬ ಹೆಸರಿಟ್ಟು, ಆ ಹೆಸರು ಈ ಚಿತ್ರವನ್ನು ನೆನಪಿಸುವುದೆಂದು ಒಂದು ಪಾತ್ರದ ಬಾಯಿಂದಲೇ ಹೇಳಿಸಿದಳು.

ಇಪ್ಪತ್ತೈದು ವರ್ಷಗಳ ಮೇಲೆ

1959ರಲ್ಲಿ ಅದೇ ಯೂನಿವರ್ಸಲ್ ಸಂಸ್ಥೆ ಕಥೆಯನ್ನು ವರ್ಣಚಿತ್ರವಾಗಿ ಮತ್ತೆ ತೆಗೆಯಿತು. ನಿರ್ದೇಶಕ ಡಗ್ಲಾಸ್ ಸರ್ಕ್. ಇವನು 1937ರಲ್ಲಿ ನಾಜಿ ಜರ್ಮನಿಯನ್ನು ತೊರೆದು ಬಂದವನು. ಅವನ ಎರಡನೆಯ ಹೆಂಡತಿ ಯೆಹೂದಿ. ನಾಜಿ ಪಕ್ಷಕ್ಕೆ ಒಲಿದ ಮೊದಲನೆಯ ಹೆಂಡತಿ ಮಗನನ್ನು ಅವನ ಬಳಿಗೆ ಬಿಡಲಿಲ್ಲ. ಆ ಮಗ 1944ರಲ್ಲಿ ಯುದ್ಧರಂಗದಲ್ಲಿ ಮಡಿದ. ರಕ್ತ, ಜನಾಂಗ ಎಂಬ ಮಾತುಗಳು ಹೆತ್ತವರನ್ನೂ ಮಕ್ಕಳನ್ನೂ ಹೇಗೆ ಬೇರ್ಪಡಿಸಬಲ್ಲವೆಂದು ಸರ್ಕ್ ಅನುಭವಿಸಿ ಬಲ್ಲವನಾಗಿದ್ದ.

ಅವನ ಚಿತ್ರದಲ್ಲಿ ಲಾನಾ ಟರ್ನರ್ ಲೋರಾ ಎಂಬ ನಟಿಯಾಗಿದ್ದಾಳೆ. ದೋಸೆಯ ವ್ಯಾಪಾರ ಮಾಯವಾಗಿದೆ. ಕಪ್ಪು ಹೆಂಗಸಿನ ಹೆಸರು ಆ್ಯನಿ; ಪಾತ್ರ ವಹಿಸಿದವಳು ವನೀಟಾ ಮೂರ್. ಮಗಳು ಸೇರಾ ಜೇನ್. ಲೋರಾ ರಂಗಭೂಮಿಯಲ್ಲಿ ಮೇಲೇರುತ್ತಾಳೆ. ಆ್ಯನಿ ಮನೆ ನೋಡಿಕೊಳ್ಳುತ್ತಾಳೆ. ಗಮನಿಸಿ: 1934ರಲ್ಲಿ ಐದರಲ್ಲೊಂದು ಪಾಲಿನ ಮಾತಾದರೂ ಇತ್ತು, 1959ರಲ್ಲಿ ಅದೂ ಇಲ್ಲ. ಸಿರಿತನಕ್ಕೆ ಯಾರ ದುಡಿಮೆ ಕಾರಣವೆಂಬ ಲೆಕ್ಕವನ್ನೇ ಕಥೆ ಅಳಿಸಿಹಾಕಿದೆ.

ಆದರೆ ಬೇರೊಂದು ರೀತಿಯಲ್ಲಿ ಈ ಚಿತ್ರ ಹೆಚ್ಚು ನಿಷ್ಠುರವಾಗಿದೆ. ಲೋರಾಳ ಮನೆಗೆ ಬಂದ ಮೊದಲ ದಿನವೇ ಪುಟ್ಟ ಸೇರಾ ಜೇನ್ ತಮಗೇಕೆ ಯಾವಾಗಲೂ ಹಿಂಬದಿಯ ಕೋಣೆಯೆಂದು ಕೇಳುತ್ತಾಳೆ. ತನಗೆ ಕೊಟ್ಟ ಕಪ್ಪು ಗೊಂಬೆಯನ್ನು ನೆಲಕ್ಕೆ ಬಿಡುತ್ತಾಳೆ. ಬೆಳೆದ ಮೇಲೆ, ಅತಿಥಿಗಳೆದುರಿಗೆ ತಟ್ಟೆಯನ್ನು ತಲೆಯ ಮೇಲಿಟ್ಟುಕೊಂಡು ಗುಲಾಮಳ ಧಾಟಿಯಲ್ಲಿ ಮಾತನಾಡಿ ಲೋರಾಳನ್ನು ಅಣಕಿಸುತ್ತಾಳೆ. ಅವಳ ಜನ್ಮದ ಗುಟ್ಟನ್ನರಿತ ಬಿಳಿಯ ಪ್ರಿಯತಮ ಬೀದಿಯಲ್ಲಿ ಅವಳನ್ನು ಹೊಡೆದು ಕೆಡವುತ್ತಾನೆ. ಲೋರಾಳ ಪ್ರೇಮಕಥೆಯಲ್ಲಿ ಪ್ರಿಯತಮ ವರ್ಷಗಟ್ಟಲೆ ಕಾಯುತ್ತಾನೆ, ಕ್ಷಮಿಸುತ್ತಾನೆ, ಮರಳಿ ಬರುತ್ತಾನೆ. ಸೇರಾ ಜೇನಳ ಪ್ರೇಮಕಥೆ ಮೋರಿಯ ಕೆಸರಿನಲ್ಲಿ ಮುಗಿಯುತ್ತದೆ. ಒಂದೇ ಸೂರಿನಡಿ ಬೆಳೆದ ಇಬ್ಬರು ಹುಡುಗಿಯರಿಗೆ ಪ್ರೇಮವೆಂಬುದೂ ಒಂದೇ ಅಲ್ಲ.

ಇಡೀ ಚಿತ್ರದಲ್ಲಿ ನಮ್ಮನ್ನು ಹೆಚ್ಚು ಕಾಡುವ ಗಳಿಗೆ ಒಂದು ಚಿಕ್ಕ ಸಂಭಾಷಣೆ. ಕಾಯಿಲೆಯಿಂದ ಬಳಲುತ್ತಿರುವ ಆ್ಯನಿ ತನ್ನ ಅಂತ್ಯಸಂಸ್ಕಾರಕ್ಕೆ ಸ್ನೇಹಿತರೆಲ್ಲ ಬರಬೇಕೆನ್ನುತ್ತಾಳೆ. ನಿನಗೆ ಅಷ್ಟೊಂದು ಸ್ನೇಹಿತರಿರುವುದು ನನಗೆ ತಿಳಿದೇ ಇರಲಿಲ್ಲವೆಂದು ಲೋರಾ ಆಶ್ಚರ್ಯಪಡುತ್ತಾಳೆ. ನೀವೆಂದೂ ಕೇಳಲಿಲ್ಲವಲ್ಲ ಎಂದು ಆ್ಯನಿ ಮೃದುವಾಗಿ ಉತ್ತರಿಸುತ್ತಾಳೆ. ಹತ್ತಾರು ವರ್ಷ ಒಂದೇ ಮನೆಯಲ್ಲಿದ್ದವಳ ದೇವಾಲಯ ಯಾವುದು, ಬಳಗ ಯಾವುದು ಎಂಬುದನ್ನು ಒಡತಿ ಒಂದು ದಿನವೂ ವಿಚಾರಿಸಿರಲಿಲ್ಲ. ಚಿತ್ರವೂ ವಿಚಾರಿಸಿರಲಿಲ್ಲ, ನೋಡುತ್ತಿದ್ದ ನಾವೂ ವಿಚಾರಿಸಿರಲಿಲ್ಲ. ಆ ಬಳಗವನ್ನೆಲ್ಲ ನಾವು ಕಾಣುವುದು ಕಟ್ಟಕಡೆಗೆ, ಮಹೇಲಿಯಾ ಜಾಕ್ಸನ್ನಳ ಗಂಭೀರ ಕಂಠ ಚರ್ಚನ್ನು ತುಂಬುವಾಗ, ಬಿಳಿಯ ಕುದುರೆಗಳ ಶವರಥ ಬೀದಿಯಲ್ಲಿ ಸಾಗುವಾಗ. ಜನರ ನಡುವಿನಿಂದ ನುಗ್ಗಿ ಬಂದ ಸೇರಾ ಜೇನ್ ತಾಯಿಯ ಪೆಟ್ಟಿಗೆಯನ್ನು ತಬ್ಬಿಕೊಂಡು ಅಳುತ್ತಾಳೆ.

ಮುಂದಕ್ಕೆ ಒಂದು ಹೆಜ್ಜೆ, ಹಿಂದಕ್ಕೆ ಒಂದು ಹೆಜ್ಜೆ

1959ರ ಸೇರಾ ಜೇನ್ ಆಗಿ ನಟಿಸಿದವಳು ಸೂಸನ್ ಕೋನರ್. ತಾಯಿ ಮೆಕ್ಸಿಕೋ ಮೂಲದ ನಟಿ ಲುಪಿತಾ ತೋವಾರ್. ತಂದೆ ಬೊಹೀಮಿಯಾದಿಂದ ಬಂದ ಯೆಹೂದಿ. ಅವಳ ಅಭಿನಯ ಉತ್ತಮವಾದುದೆಂಬುದರಲ್ಲಿ ಸಂಶಯವಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. 1934ರಲ್ಲಿ ಕಪ್ಪು ನಟಿಗೆ ದೊರೆತ ಪಾತ್ರ 1959ರಲ್ಲಿ ಏಕೆ ಕೈತಪ್ಪಿತು? 1954ರಲ್ಲಿ ಶಾಲೆಗಳಲ್ಲಿನ ವರ್ಣಭೇದ ಕಾನೂನಿಗೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಾಗಿತ್ತು. ಮಾಂಟ್‌ಗೊಮರಿಯಲ್ಲಿ ಬಸ್ ಬಹಿಷ್ಕಾರ ನಡೆದು ಗೆದ್ದಿತ್ತು. ನೀತಿಸಂಹಿತೆಯೂ 1956ರಲ್ಲಿ ಸಡಿಲಗೊಂಡಿತ್ತು. ದೇಶ ಮುಂದೆ ಸಾಗಿದ್ದಾಗ ಪಾತ್ರಹಂಚಿಕೆ ಹಿಂದೆ ಸರಿದಿತ್ತು. ಇದೊಂದೇ ಉದಾಹರಣೆಯಲ್ಲ: 1949ರ ‘ಪಿಂಕಿ’ ಚಿತ್ರದಲ್ಲಿ ಇಂಥದೇ ಪಾತ್ರ ಬಿಳಿಯ ನಟಿ ಜೀನ್ ಕ್ರೇನಳಿಗೆ ಹೋಯಿತು, 1951ರ ‘ಷೋ ಬೋಟ್’ನಲ್ಲಿ ಆ್ಯವಾ ಗಾರ್ಡನರಳಿಗೆ. ಬಿಳಿಯ ನಾಯಕ ಮುದ್ದಿಸುವ ಹೆಣ್ಣು ಕಥೆಯಲ್ಲಿ ಕಪ್ಪಾಗಿರಬಹುದು. ನಿಜದಲ್ಲಿ ಮಾತ್ರ ಬಿಳಿಯಳೇ ಆಗಿರಬೇಕು.

ಮೂರ್ ಮತ್ತು ಕೋನರ್ ಇಬ್ಬರೂ ಪೋಷಕ ನಟಿಯ ಆಸ್ಕರಿಗೆ ನಾಮಕರಣಗೊಂಡರು. ಪ್ರಶಸ್ತಿ ಶೆಲಿ ವಿಂಟರ್ಸಳ ಪಾಲಾಯಿತು. ಆ ನಾಮಕರಣದ ಗೌರವ ದೊರೆತ ಮೂರನೆಯ ಕಪ್ಪು ಕಲಾವಿದೆಯಾದ ಮೂರ್‌ಗೆ ಮುಂದೆ ಅದಕ್ಕೆ ತಕ್ಕ ಪಾತ್ರಗಳು ಬರಲಿಲ್ಲ. ಆಕೆ 2014ರಲ್ಲಿ, 99ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಕಾಲಕ್ರಮದಲ್ಲಿ ಎರಡು ಚಿತ್ರಗಳೂ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಭಂಡಾರದ ಪಟ್ಟಿಯನ್ನು ಸೇರಿದುವು: ಮೊದಲನೆಯದು 2005ರಲ್ಲಿ, ಎರಡನೆಯದು 2015ರಲ್ಲಿ. ಇದೇ ಮರೆಮಾಚುವಿಕೆಯನ್ನು ಕುರಿತ ನೆಲಾ ಲಾರ್ಸನ್ನಳ 1929ರ ಕಾದಂಬರಿ ‘ಪಾಸಿಂಗ್’ 2021ರಲ್ಲಿ ಚಿತ್ರವಾದಾಗ, ಎರಡು ಮುಖ್ಯ ಪಾತ್ರಗಳನ್ನೂ ಆಫ್ರಿಕಾ ಮೂಲದ ತಂದೆಯರ ಮಕ್ಕಳಾದ ರೂತ್ ನೆಗ್ಗಾ, ಟೆಸ್ಸಾ ಥಾಂಪ್ಸನ್ ವಹಿಸಿದರು. ಫ್ರೆಡಿ ವಾಷಿಂಗ್ಟನ್ ತೆರೆದ ಬಾಗಿಲು ಅಷ್ಟು ವರ್ಷಗಳ ಮೇಲೆ ಮತ್ತೆ ತೆರೆಯಿತು.

ಪ್ರಾತಿನಿಧ್ಯವೆಂದರೆ ಕೇವಲ ತೆರೆಯ ಮೇಲೆ ಮುಖ ಕಾಣುವುದಲ್ಲ. ಡಿಲೈಲಾಳ ಮುಖ ಊರಿನ ಮುಗಿಲಿನಲ್ಲಿಯೇ ಮಿನುಗುತ್ತಿತ್ತು. ಅವಳ ಮನಸ್ಸು ಮಾತ್ರ ಯಾರಿಗೂ ಕಾಣಲಿಲ್ಲ. ಆ ಪಾತ್ರಕ್ಕೆ ಸ್ವಂತ ಬಳಗವುಂಟೆ? ಸ್ವಂತ ಆಸೆಯುಂಟೆ? ಬೇಡವೆನ್ನುವ, ಬೇಕೆನ್ನುವ ಹಕ್ಕುಂಟೆ? ಯಾವ ದೇಶದ, ಯಾವ ಭಾಷೆಯ ಚಿತ್ರವನ್ನು ನೋಡುವಾಗಲೂ ಈ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಮಾಡಿಕೊಂಡರೆ ನಮ್ಮ ನೋಟ ಹರಿತವಾಗುತ್ತದೆ.

ಗಡಿಯಾಚೆ ನೆಲೆಸಿರುವ ನಮ್ಮ ಓದುಗರಿಗೆ ಪಿಯೋಲಾಳ ಮಳೆಯ ದಿನದ ದೃಶ್ಯ ಒಂದಿಷ್ಟು ಹತ್ತಿರದ್ದಾಗಿ ತೋರೀತು. ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು ಆಗಿರುವೆಡೆ, ಗೆಳೆಯರೆದುರಿಗೆ ತಾಯಿ ಕನ್ನಡದಲ್ಲಿ ಕರೆದರೆ ತಲೆತಗ್ಗಿಸುವ ಮಕ್ಕಳುಂಟು. ಅಮೆರಿಕದ ಕಪ್ಪು ಜನರು ಉಂಡ ಅನ್ಯಾಯಕ್ಕೆ ಇದನ್ನು ಸಮನೆಂದು ಹೇಳುವುದು ಸಲ್ಲದು. ಅಲ್ಲಿ ಕಾನೂನು, ದೊಣ್ಣೆ, ನೇಣಿನ ಹಗ್ಗಗಳ ಬೆದರಿಕೆಯಿತ್ತು. ಆದರೂ ಮಗುವಿನ ಆ ನಾಚಿಕೆ ಹುಟ್ಟುವುದು ಮಗುವಿನಲ್ಲಲ್ಲ, ಸುತ್ತಲಿನವರ ಕಣ್ಣಿನಲ್ಲಿ ಎಂಬ ಪಾಠ ಎರಡು ಕಡೆಗೂ ಸಲ್ಲುತ್ತದೆ. ಅಂಥ ಮಗುವನ್ನು ಗದರಿಸುವುದರಿಂದ ಫಲವಿಲ್ಲ. ಅದರ ಮಾತಿಗೆ ಶಾಲೆಯಲ್ಲಿ, ಬೀದಿಯಲ್ಲಿ ಮರ್ಯಾದೆ ದೊರಕಿಸುವುದು ಹಿರಿಯರ ಹೊಣೆ.

ಇದರ ಜೊತೆಗೆ ಇನ್ನೊಂದು ಮಾತು. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಪಾತ್ರೆ ತೊಳೆಯಲು, ಮಕ್ಕಳನ್ನಾಡಿಸಲು ಬರುವ ಹೆಂಗಸರುಂಟು. ಅವರಿಗೆ ಬೇರೆ ಲೋಟವಿಟ್ಟಿರುವ ಮನೆಗಳೂ ಉಂಟು. ಅವರ ಊರು ಯಾವುದು, ಮಕ್ಕಳೆಷ್ಟು, ಅವರು ನಡೆದುಕೊಳ್ಳುವ ದೇವರು ಯಾವುದು, ಅವರು ಹಾಡುವ ಹಾಡು ಯಾವುದು? ಆ್ಯನಿಯ ಮೆಲುದನಿಯ ಉತ್ತರವನ್ನು ಕೇಳಿದ ಮೇಲೂ ಈ ಪ್ರಶ್ನೆಗಳನ್ನು ಕೇಳದೆ ಉಳಿದರೆ, ದೂರದ ಹಾಲಿವುಡ್ಡಿನ ತಪ್ಪುಗಳನ್ನು ಎಣಿಸುವ ಅಧಿಕಾರ ನಮಗೆಲ್ಲಿಯದು?